ಪೇಟೆ ಕುಸಿದ ಮೇಲೆ: ಶೇರು ಹೂಡಿಕೆಯ ಕೆಲವು ಪಾಠಗಳು

ಸಂಪತ್ತು ಅಲ್ಲಾಹನ ಅಮಾನತ್ತು. ಅದನ್ನು ಯಾವ ಮಾರ್ಗದಿಂದ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂದು ನಾಳೆ ಪರಲೋಕದಲ್ಲಿ ನಮ್ಮನ್ನು ಪ್ರಶ್ನಿಸಲಾಗುವುದು. ಈ ಪ್ರಶ್ನೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಎಷ್ಟು ಅನ್ವಯಿಸುತ್ತದೋ ಶೇರು ಪೇಟೆಯಲ್ಲಿ ತೊಡಗಿಸಿದ ಹಣಕ್ಕೂ ಅಷ್ಟೇ ಅನ್ವಯಿಸುತ್ತದೆ. ಇಂದು ನಮ್ಮ ಎಷ್ಟೋ ಯುವಕರು ಮೊಬೈಲಿನಲ್ಲೇ ಶೇರು ಕೊಳ್ಳುತ್ತಾರೆ, ಮಾರುತ್ತಾರೆ. ಬೆಲೆ ಏರುತ್ತಿರುವಾಗ ವಿದ್ವಾಂಸರ ಬಳಿಗೆ ಹೋಗುವವರು ಕಡಿಮೆ. ಪೇಟೆ ಕುಸಿದಾಗಲೇ ‘ಇದು ಹಲಾಲೋ ಹರಾಮೋ’ ಎಂಬ ಪ್ರಶ್ನೆ ಏಳುತ್ತದೆ. ತಡವಾಗಿಯಾದರೂ ಏಳುವ ಪ್ರಶ್ನೆ ಒಳ್ಳೆಯದೇ. ಅದಕ್ಕೆ ಸರಿಯಾದ ಉತ್ತರ ಕಂಡುಕೊಂಡರೆ ಕಳೆದುಹೋದ ಹಣವೂ ಒಂದು ಪಾಠವನ್ನು ಬಿಟ್ಟುಹೋಗುತ್ತದೆ.

ಶೇರು ಎಂದರೆ ಪಾಲು. ಒಂದು ಕಂಪೆನಿಯ ಶೇರು ಕೊಂಡವನು ಅದರ ಕಾರ್ಖಾನೆ, ಸರಕು, ಲಾಭ, ನಷ್ಟ ಎಲ್ಲದರಲ್ಲೂ ಸಣ್ಣ ಪಾಲುದಾರನಾಗುತ್ತಾನೆ. ಪಾಲುದಾರಿಕೆಯ ವ್ಯಾಪಾರವನ್ನು ಇಸ್ಲಾಮ್ ಅನುಮತಿಸಿದೆ. ಬಡ್ಡಿಯನ್ನೂ ಜೂಜನ್ನೂ ನಿಷೇಧಿಸಿದೆ. ಒಂದೇ ಶೇರನ್ನು ಒಬ್ಬನು ಪಾಲುದಾರನಾಗಿ ಕೊಳ್ಳಬಹುದು, ಇನ್ನೊಬ್ಬನು ಜೂಜುಗಾರನಂತೆ ಕೊಳ್ಳಬಹುದು. ಪೇಟೆ ಏರುವಾಗ ಇವರಿಬ್ಬರ ನಡುವಿನ ವ್ಯತ್ಯಾಸ ಕಾಣುವುದಿಲ್ಲ, ಇಬ್ಬರೂ ನಗುತ್ತಿರುತ್ತಾರೆ. ಅದು ಬಯಲಾಗುವುದು ಕುಸಿತದ ದಿನ.

2008ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷದ ಜನವರಿ 10ರಂದು ಮುಂಬೈ ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21,200ರ ಮಟ್ಟವನ್ನು ದಾಟಿತ್ತು. ಅಮೆರಿಕದಲ್ಲಿ ಮನೆ ಸಾಲಗಳ ಮೇಲೆ ಸಾಲ ಪೇರಿಸಿ ಕಟ್ಟಿದ್ದ ಬಡ್ಡಿಯ ಗೋಪುರ ಅಲುಗಾಡತೊಡಗಿತ್ತು. ಸೆಪ್ಟೆಂಬರ್ 15ರಂದು ಲೆಹ್ಮನ್ ಬ್ರದರ್ಸ್ ಎಂಬ ದೊಡ್ಡ ಸಂಸ್ಥೆ ದಿವಾಳಿಯೆದ್ದಿತು. ವಿದೇಶಿ ಹೂಡಿಕೆದಾರರು ಭಾರತದಿಂದಲೂ ಹಣ ಹಿಂತೆಗೆದರು. ಅಕ್ಟೋಬರ್ 27ರಂದು ಸೆನ್ಸೆಕ್ಸ್ 7,700ರ ಆಸುಪಾಸಿಗೆ ಇಳಿಯಿತು. ಹತ್ತೇ ತಿಂಗಳಲ್ಲಿ ನೂರು ರೂಪಾಯಿ ಮೂವತ್ತಾರಾಯಿತು. ಸೆನ್ಸೆಕ್ಸ್‌ನಲ್ಲಿ ಬಡ್ಡಿಯ ಬ್ಯಾಂಕುಗಳೂ ಸೇರಿವೆ; ಇಲ್ಲಿ ಅದನ್ನು ಪೇಟೆಯ ಏರಿಳಿತದ ಅಳತೆಗೋಲಾಗಿ ಮಾತ್ರ ಬಳಸಿದ್ದೇವೆ.

ಮೊದಲನೆಯ ಪಾಠ: ಸಾಲದ ಹಣದಿಂದ ಶೇರು ಕೊಳ್ಳಬೇಡಿ

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನು ತನ್ನ ಸ್ವಂತ ಒಂದು ಲಕ್ಷ ರೂಪಾಯಿ ತೊಡಗಿಸಿದ. ಇನ್ನೊಬ್ಬನು ಐವತ್ತು ಸಾವಿರ ಸ್ವಂತದ್ದು, ಐವತ್ತು ಸಾವಿರ ಸಾಲದ್ದು ಸೇರಿಸಿ ಅಷ್ಟೇ ಮೊತ್ತ ತೊಡಗಿಸಿದ. ಪೇಟೆಯಷ್ಟೇ ಇಬ್ಬರ ಶೇರುಗಳೂ ಕುಸಿದವು. ಇಬ್ಬರ ಕೈಯಲ್ಲೂ ಸುಮಾರು 36 ಸಾವಿರದ ಶೇರು ಉಳಿಯಿತು. ಮೊದಲನೆಯವನು ಕಾಯಬಲ್ಲ. 2010ರ ನವೆಂಬರ್‌ನಲ್ಲಿ ಸೆನ್ಸೆಕ್ಸ್ ಮತ್ತೆ 21,000 ಮುಟ್ಟಿತು. ಕಾದವನ ಬಹುಪಾಲು ಹಣ ಮರಳಿತು. ಎರಡನೆಯವನು ಎಲ್ಲವನ್ನೂ ಮಾರಿದರೂ ಇನ್ನೂ 14 ಸಾವಿರ ಸಾಲ ಉಳಿಯುತ್ತದೆ, ಬಡ್ಡಿ ಬೇರೆ. ಅವನಿಗೆ ಕಾಯುವ ಅವಕಾಶವೇ ಇಲ್ಲ.

ಸಾಲದ ವಿಷಯ ಎಷ್ಟು ಗಂಭೀರ ಎಂಬುದನ್ನು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಸಾಲ ತೀರಿಸದೆ ಮೃತರಾದ ಒಬ್ಬರ ಜನಾಝ ನಮಾಝನ್ನು ಅವರು ತಾವು ನಿರ್ವಹಿಸಲಿಲ್ಲ. ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಿರ್ವಹಿಸಿದರು. ಹೀಗಿರುವಾಗ ದಲ್ಲಾಳಿಯಿಂದ ಬಡ್ಡಿಗೆ ಹಣ ಪಡೆದು ಶೇರು ಕೊಳ್ಳುವುದು ಹೇಗೆ ಸರಿಯಾದೀತು? ಪತ್ನಿಯ ಒಡವೆ ಅಡವಿಟ್ಟು ಪೇಟೆಗಿಳಿಯುವವರೂ ಇದ್ದಾರೆ. ಮಹ್ರ್ ಪತ್ನಿಯ ಸ್ವಂತ ಸೊತ್ತು. ಅವಳ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವ ಹಕ್ಕು ಗಂಡನಿಗಿಲ್ಲ.

ಎರಡನೆಯ ಪಾಠ: ಪಾಲುದಾರರಾಗಿ, ಪಂದ್ಯ ಕಟ್ಟಬೇಡಿ

1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ ಶೇರು ಪೇಟೆಯ ಕುರಿತು ಚರ್ಚಿಸಿತು. ಧರ್ಮಸಮ್ಮತ ವ್ಯವಹಾರದ ಕಂಪೆನಿಯಲ್ಲಿ ಪಾಲು ಹೊಂದುವುದನ್ನು ಅದು ಅನುಮತಿಸಿತು. ಬಡ್ಡಿ ಸಾಲದಿಂದ ಶೇರು ಕೊಳ್ಳುವುದನ್ನೂ, ತನ್ನ ಬಳಿ ಇಲ್ಲದ ಶೇರನ್ನು ಮಾರುವುದನ್ನೂ, ಆಪ್ಶನ್ ಒಪ್ಪಂದಗಳನ್ನೂ ಒಪ್ಪಲಿಲ್ಲ. ಇದರ ಹಿಂದಿರುವ ಹಿತ ಇಂದಿನ ಅಂಕಿಅಂಶಗಳಲ್ಲೂ ಕಾಣುತ್ತದೆ. ಫ್ಯೂಚರ್ಸ್ ಮತ್ತು ಆಪ್ಶನ್ಸ್ ವ್ಯವಹಾರದ ಕುರಿತು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರ ವರೆಗೆ ಅದರಲ್ಲಿ ತೊಡಗಿದ ಸಾಮಾನ್ಯ ಜನರ ಪೈಕಿ ಶೇ. 93 ಮಂದಿ ನಷ್ಟ ಹೊಂದಿದ್ದಾರೆ. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಮೂರನೆಯ ಪಾಠ: ಎಲ್ಲವನ್ನೂ ಒಂದೇ ಕಡೆ ಇಡಬೇಡಿ

ಪೇಟೆ ಚೇತರಿಸಿಕೊಂಡರೂ ಪ್ರತಿಯೊಂದು ಕಂಪೆನಿಯೂ ಚೇತರಿಸಿಕೊಳ್ಳುವುದಿಲ್ಲ. ಸತ್ಯಂ ಕಂಪೆನಿಗೆ 2008ರಲ್ಲಿ ಉತ್ತಮ ಆಡಳಿತದ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ, ಲೆಕ್ಕದಲ್ಲಿ ತೋರಿಸಿದ ಐದು ಸಾವಿರ ಕೋಟಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅದೇ ದಿನ ಶೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದುಹೋಯಿತು. ಮಗಳ ಮದುವೆಯ ಹಣವನ್ನೆಲ್ಲ ಒಂದೇ ಹೆಸರಿನ ಮೇಲೆ ಇಟ್ಟವನ ಗತಿಯೇನು?

ಈಗ ನೀವು ಮಾಡಬೇಕಾದುದು

ಕುಸಿತದ ಗಾಬರಿಯಲ್ಲಿ ಎಲ್ಲವನ್ನೂ ಮಾರಿಬಿಡುವುದು ಸರಿಯಲ್ಲ. ಕಣ್ಣು ಮುಚ್ಚಿ ಕೂರುವುದೂ ಸರಿಯಲ್ಲ. ಕಾಗದ, ಪೆನ್ನು ಹಿಡಿದು ಮನೆಯವರೊಂದಿಗೆ ಕುಳಿತುಕೊಳ್ಳಿ.

ಮೊದಲು ಸಾಲಗಳ ಪಟ್ಟಿ ಬರೆಯಿರಿ. ಬಡ್ಡಿಯ ಸಾಲವಿದ್ದರೆ ಶೇರು ಮಾರಿಯಾದರೂ ಅದರಿಂದ ಹೊರಬನ್ನಿ.

ಎರಡನೆಯದಾಗಿ, ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಬೇಕಾಗುವ ಹಣವನ್ನು ಬೇರೆ ತೆಗೆದಿಡಿ. ಮಕ್ಕಳ ಫೀಸು, ಔಷಧೋಪಚಾರ, ಹಜ್ಜ್ ಯಾತ್ರೆಯ ಹಣ ಪೇಟೆಯಲ್ಲಿರಬಾರದು. ಪ್ರವಾದಿ ಯೂಸುಫ್(ಅ)ರು ಸಮೃದ್ಧಿಯ ಏಳು ವರ್ಷಗಳಲ್ಲೇ ಬರಗಾಲದ ಏಳು ವರ್ಷಗಳಿಗಾಗಿ ಧಾನ್ಯ ಕೂಡಿಡಿಸಿದ್ದು ನಮಗೆ ದೊಡ್ಡ ಪಾಠ.

ಮೂರನೆಯದಾಗಿ, ಕೈಯಲ್ಲಿರುವ ಒಂದೊಂದು ಶೇರನ್ನೂ ಪರಿಶೀಲಿಸಿ. ಮದ್ಯ, ಬಡ್ಡಿ, ಜೂಜಿನ ವ್ಯವಹಾರದ್ದಾಗಿದ್ದರೆ ಬಿಟ್ಟುಬಿಡಿ. ವ್ಯವಹಾರ ಧರ್ಮಸಮ್ಮತವಾಗಿದ್ದು ಕಂಪೆನಿಯೇ ಕೆಟ್ಟಿದ್ದರೆ, ಕೊಂಡ ಬೆಲೆಯನ್ನು ನೆನೆದು ಅದಕ್ಕೆ ಅಂಟಿಕೊಳ್ಳಬೇಡಿ. ವ್ಯವಹಾರ ಚೆನ್ನಾಗಿದ್ದು ಬೆಲೆ ಮಾತ್ರ ಇಳಿದಿದ್ದರೆ ಸಹನೆಯಿಂದ ಕಾಯಿರಿ.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. ಕಂಪೆನಿಯ ಬಡ್ಡಿ ಸಾಲ ಅದರ ಒಟ್ಟು ಶೇರುಗಳ ಪೇಟೆ ಬೆಲೆಯ ಶೇ. 30ನ್ನು ಮೀರಬಾರದು ಎಂಬುದು ಇಸ್ಲಾಮೀ ಹಣಕಾಸು ಸಂಸ್ಥೆಗಳ ಲೆಕ್ಕಪತ್ರ ನಿಯಮ ರೂಪಿಸುವ ಬಹರೈನ್‌ನ ‘ಆವೋಫಿ’ಯ ಮಾನದಂಡ. ನೂರು ಕೋಟಿ ಬೆಲೆಯ ಕಂಪೆನಿಗೆ ಇಪ್ಪತ್ತು ಕೋಟಿ ಸಾಲವಿದ್ದರೆ ಅದು ಈ ಮಿತಿಯೊಳಗಿದೆ. ಶೇರಿನ ಬೆಲೆ ಕುಸಿದು ಕಂಪೆನಿಯ ಬೆಲೆ ನಲವತ್ತು ಕೋಟಿಯಾದರೆ ಅದೇ ಸಾಲ ಶೇ. 50 ಆಗುತ್ತದೆ! ಕೆಲವು ವಿದ್ವಾಂಸರು ಪೇಟೆ ಬೆಲೆಯ ಬದಲು ಕಂಪೆನಿಯ ಒಟ್ಟು ಆಸ್ತಿಯನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಆದ್ದರಿಂದ ಒಮ್ಮೆ ಹಲಾಲ್ ಎಂದು ಕೇಳಿದ ಮಾತ್ರಕ್ಕೆ ನಿಶ್ಚಿಂತರಾಗದೆ ಕುಸಿತದ ಬಳಿಕ ಬಲ್ಲವರೊಡನೆ ಮತ್ತೆ ವಿಚಾರಿಸಿರಿ. ಕಂಪೆನಿಯ ಆದಾಯದಲ್ಲಿ ಶೇ. 3 ಬಡ್ಡಿಯಿಂದ ಬಂದಿದ್ದರೆ, ಸಾವಿರ ರೂಪಾಯಿ ಲಾಭಾಂಶದಲ್ಲಿ ಮೂವತ್ತು ರೂಪಾಯಿಯನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟು ಉಳಿದುದನ್ನು ಶುದ್ಧಗೊಳಿಸಿರಿ. ಝಕಾತನ್ನೂ ಮರೆಯದಿರಿ. ಬೆಲೆ ಇಳಿದರೆ ಝಕಾತಿನ ಮೊತ್ತ ಇಳಿಯಬಹುದು; ಉಳಿದ ಸಂಪತ್ತು ನಿಸಾಬ್ ತಲಪಿದ್ದರೆ ಹೊಣೆ ಉಳಿದೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಪೇಟೆಯಲ್ಲಿ ಕೈ ಸುಟ್ಟುಕೊಂಡವರ ಮನೆಬಾಗಿಲಿಗೆ ‘ನಷ್ಟವೇ ಇಲ್ಲದ ಹಲಾಲ್ ಲಾಭ’ದ ಆಮಿಷ ಹಿಡಿದವರು ಬರುತ್ತಾರೆ. ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ, ಹಲಾಲ್ ಎಂಬ ಹೆಸರನ್ನು ನಂಬಿದ ಹತ್ತಾರು ಸಾವಿರ ಮಂದಿ ಕಣ್ಣೀರಿಟ್ಟರು. ಅವರಲ್ಲಿ ವಿಧವೆಯರಿದ್ದರು, ನಿವೃತ್ತರಿದ್ದರು. ನಷ್ಟದಲ್ಲಿ ಪಾಲಿಲ್ಲದೆ ತಿಂಗಳು ತಿಂಗಳು ಲಾಭದ ಭರವಸೆ ಕೊಡುವ ವ್ಯವಹಾರ ಪಾಲುದಾರಿಕೆಯಾಗುವುದು ಹೇಗೆ? ಗಡ್ಡ, ಟೋಪಿ, ಬಿಸ್ಮಿಲ್ಲಾಹ್ ಬರೆದ ಫಲಕ ಇವುಗಳನ್ನು ನೋಡಿ ಹಣ ಕೊಡಬೇಡಿ. ಲೆಕ್ಕಪತ್ರ ನೋಡಿ, ಕಾನೂನಿನ ಅನುಮತಿಯನ್ನು ಕೇಳಿ.

ಕೊನೆಯದಾಗಿ, ನಿಮ್ಮಿಂದ ಸಾಲ ಪಡೆದ ಸಹೋದರನು ಕುಸಿತದಲ್ಲಿ ಸಿಲುಕಿದ್ದರೆ ಅವನಿಗೆ ಕಾಲಾವಕಾಶ ನೀಡಿ. ಇದು ಪವಿತ್ರ ಕುರ್‌ಆನಿನ ಆದೇಶ. ಮನ್ನಾ ಮಾಡಿದರೆ ಇನ್ನೂ ಶ್ರೇಷ್ಠ. ಪೇಟೆ ಏರಲಿ, ಇಳಿಯಲಿ, ಅನ್ನದಾತನು ಅಲ್ಲಾಹನೇ. ಪ್ರಯತ್ನದಲ್ಲಿ ಪ್ರಾಮಾಣಿಕತೆ, ನಷ್ಟದಲ್ಲಿ ಸಹನೆ, ಲಾಭದಲ್ಲಿ ಕೃತಜ್ಞತೆ ನಮ್ಮ ಪಾಲಿನ ಕರ್ತವ್ಯ. ಅವನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಿ ಅದರಲ್ಲಿ ಬರಕತ್ ನೀಡಲಿ. ಆಮೀನ್.