ಐಸಿಯುನಲ್ಲಿ ಕಿರಿಯ ವೈದ್ಯರ ಮೊದಲ ಪಾಠಗಳು

ತಮಿಳುನಾಡಿನ ಸೇಲಂ, ಧರ್ಮಪುರಿ ಸೀಮೆಯಲ್ಲಿ ಹೌಸ್ ಸರ್ಜನ್ ಆಗಿ ಐಸಿಯು ಪಾಳಿಗೆ ಹೊರಟಿರುವವರಿಗಾಗಿ ಈ ಪರಿಚಯ. ಸೇಲಂನಲ್ಲಿ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾಯಿತು. ಧರ್ಮಪುರಿಯ ಸರ್ಕಾರಿ ಕಾಲೇಜು 2008ರಲ್ಲಿ. ಈ ಸೀಮೆಯ ಐಸಿಯುಗಳಿಗೆ ತೊಪ್ಪೂರು ಘಾಟಿಯಲ್ಲಿ ಅಪಘಾತಕ್ಕೀಡಾದವರು, ಕೀಟನಾಶಕ ಕುಡಿದವರು, ಹಾವು ಕಚ್ಚಿಸಿಕೊಂಡ ರೈತರು ಬರುತ್ತಾರೆ.

ಮೊದಲ ಪಾಠ: ಮಾನಿಟರ್‌ಗಿಂತ ಮುಂಚೆ ರೋಗಿಯನ್ನು ನೋಡಿ. ಉಸಿರಿನ ದಾರಿ, ಉಸಿರಾಟ, ರಕ್ತ ಸಂಚಾರ, ಪ್ರಜ್ಞೆ, ಇದೇ ಕ್ರಮ. ಗಂಟೆಗೊಮ್ಮೆ ಮೂತ್ರದ ಪ್ರಮಾಣ ಬರೆದಿಡಿ. ಒಂದು ಅಂಕಿಗಿಂತ ಅದು ಸಾಗುತ್ತಿರುವ ದಿಕ್ಕು ಮುಖ್ಯ.

ಕಟ್ಟುಹಾವಿನ ಕಡಿತವನ್ನೇ ತೆಗೆದುಕೊಳ್ಳಿ. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಚ್ಚುತ್ತದೆ. ನೋವು, ಊತ ಕಡಿಮೆ. ಎಷ್ಟೋ ಸಲ ಗಾಯವೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಬರುತ್ತದೆ. ಆಮೇಲೆ ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಕತ್ತು ನಿಲ್ಲುವುದಿಲ್ಲ. ಆಗಲೂ ಆಕ್ಸಿಜನ್ ಅಂಕಿ 98 ಇರಬಹುದು. ಒಂದೇ ಉಸಿರಿನಲ್ಲಿ ಎಷ್ಟು ಎಣಿಸಬಲ್ಲರೆಂದು ಮತ್ತೆ ಮತ್ತೆ ಕೇಳಿ. 25 ಇದ್ದದ್ದು 15ಕ್ಕೆ ಇಳಿದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ. ಹಿರಿಯರನ್ನು ಕರೆಯಬೇಕಾದದ್ದು ಆಗಲೇ, ಉಸಿರು ನಿಂತ ಮೇಲಲ್ಲ. ತಡರಾತ್ರಿ ಕರೆಯುವುದಕ್ಕೆ ಸಂಕೋಚ ಬೇಡ. ಬೇಗ ಕರೆಯುವುದೇ ಕಿರಿಯ ವೈದ್ಯರ ಜಾಣ್ಮೆ.

ಈ ವಿಷ ನರದ ತುದಿಯನ್ನು ಕೆಡಿಸಿದ ಮೇಲೆ ಪ್ರತಿವಿಷಕ್ಕೂ ಅದನ್ನು ಸರಿಪಡಿಸಲಾಗದು. ನರ ತಾನಾಗಿ ಚೇತರಿಸಿಕೊಳ್ಳುವ ತನಕ, ಕೆಲವೊಮ್ಮೆ ಹಲವು ದಿನ, ವೆಂಟಿಲೇಟರ್ ಉಸಿರು ಕೊಡಬೇಕು. ರೋಗಿ ಕಣ್ಣು ತೆರೆಯಲಾರ, ಕಣ್ಣಪಾಪೆ ಹಿಗ್ಗಿರಬಹುದು; ಮೆದುಳೇ ಸತ್ತಿದೆ ಎಂದು ಮೋಸಹೋಗುವುದು ಸುಲಭ. ಆದರೆ ಆತನಿಗೆ ಪೂರ್ತಿ ಎಚ್ಚರವಿರಬಹುದು, ನಿಮ್ಮ ಮಾತೆಲ್ಲ ಕೇಳಿಸುತ್ತಿರಬಹುದು. ಹೆಸರು ಹಿಡಿದು ಮಾತನಾಡಿಸಿ, ಮಾಡುವ ಕೆಲಸವನ್ನು ಹೇಳಿಯೇ ಮಾಡಿ. ನೋವಿಗೆ, ನಿದ್ರೆಗೆ ಔಷಧ ಮರೆಯಬೇಡಿ.

ಐಸಿಯು ಹುಟ್ಟಿದ್ದೂ ಇಂಥದೇ ಸಂಕಟದಲ್ಲಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಯಂತ್ರಗಳು ಸಾಲಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ತೋರಿಸಿಕೊಟ್ಟಂತೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ಕೈಯಿಂದಲೇ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಪಕ್ಕ ಬಿಡದೆ ಕೂತ ಆ ಎಳೆಯರಿಂದ ಅನೇಕರು ಬದುಕಿದರು.

ಕೊನೆಯದು ಮನೆಯವರ ಜೊತೆಗಿನ ಮಾತು. ಈ ಜಿಲ್ಲೆಗಳಲ್ಲಿ ತಮಿಳಿನ ಜೊತೆಗೆ ತೆಲುಗು, ಕನ್ನಡ ಮನೆಮಾತಿನವರೂ ಇದ್ದಾರೆ; ಸೇಲಂನ ದೇವಾಂಗ ನೇಕಾರರಲ್ಲಿ ಅನೇಕರದು ಕನ್ನಡ. ಅವರ ಮಾತಿನಲ್ಲೇ, ಕೂತು, ದಿನವೂ ಹೇಳಿ. ಸುಳ್ಳು ಭರವಸೆ ಬೇಡ, ಇರುವ ಭರವಸೆಯನ್ನು ಮುಚ್ಚಿಡುವುದೂ ಬೇಡ.

ಟ್ಯೂಬ್ ಹಾಕುವ ಕೈಚಳಕ ತಿಂಗಳುಗಳಲ್ಲಿ ಬರುತ್ತದೆ. ರೋಗಿಯ ಪಕ್ಕ ನಿಂತು ನೋಡುವ ಅಭ್ಯಾಸವನ್ನು ಮೊದಲ ಪಾಳಿಯಿಂದಲೇ ಶುರುಮಾಡಿ.