ಝೋನ್ ನೋಡಿ ಕುಣಿಯಬೇಡ, ತಂಗಿ

ತಂಗಿ, ನೀನು ಕಳಿಸಿದ ಕೋಷ್ಟಕ ನೋಡಿದೆ. ನಿನ್ನ ಕೌಮರಿನ್ ಅಣುವಿಗೆ ಇ. ಕೋಲೈ ಎದುರು 19 ಮಿಲಿಮೀಟರ್ ಝೋನ್, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ವರ್ತುಲ, ಬಂದಿದೆ, ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ. ಖುಷಿಪಡು, ಬೇಡ ಅನ್ನುವುದಿಲ್ಲ. ಪಾವಟೆ ನಗರದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಗುಡ್ಡದ ಮೇಲೆ ಕೌಮರಿನ್, ಶಿಫ್ ಬೇಸ್, ಲೋಹದ ಕಾಂಪ್ಲೆಕ್ಸ್ ಅಂತ ದಶಕಗಳಿಂದ ಅಣು ಕಟ್ಟುತ್ತ ಬಂದಿದ್ದಾರೆ. ಕಟ್ಟುವ ಕೈ ಧಾರವಾಡದಲ್ಲಿ ಚೆನ್ನಾಗಿದೆ, ನಿನ್ನದೂ ಚೆನ್ನಾಗಿದೆ. ಆದರೆ ಪೇಪರ್‌ನ ಕೊನೆಗೆ ‘ಇವು ಹೊಸ ಔಷಧಿಗಳಾಗುವ ಭರವಸೆ ಮೂಡಿಸಿವೆ’ ಅಂತ ಬರೆಯುವ ಮೊದಲು ನಾಲ್ಕು ಮಾತು ಕೇಳಿಸಿಕೊ. ಎಲ್ಲೆಲ್ಲಿಂದಲೋ ಬಂದ ಥೀಸಿಸ್‌ಗಳಲ್ಲಿ ಆ ಸಾಲು ಓದಿ ಓದಿ ನನಗೆ ಬಾಯಿಪಾಠವಾಗಿದೆ.

ಮೊದಲು ಆ 19ರ ವಿಚಾರ. ಪಕ್ಕದ ಕಾಲಮ್ಮಿನಲ್ಲಿ ಸ್ಟ್ಯಾಂಡರ್ಡ್ ಅಂತ ಸಿಪ್ರೊಫ್ಲಾಕ್ಸಾಸಿನ್ ಇಟ್ಟಿದ್ದೀಯಲ್ಲ, ಅದು ಬರೀ 5 ಮೈಕ್ರೋಗ್ರಾಮಿಗೆ 30 ಮಿಲಿಮೀಟರ್ ಆಚೀಚೆ ಬಯಲು ಮಾಡುತ್ತದೆ. ಅಗರ್ ತಟ್ಟೆಯಲ್ಲಿ ಕೊರೆದ ನಿನ್ನ ಬಾವಿಗೆ ಎಷ್ಟು ಸುರಿದೆ? ಅದನ್ನು ಕೋಷ್ಟಕದಲ್ಲೇ ಬರೆ, ಅಡಿಟಿಪ್ಪಣಿಯಲ್ಲಿ ಅಡಗಿಸಬೇಡ. ಇನ್ನೊಂದು, ಝೋನ್ ಅಳೆಯುವುದು ಅಣುವಿನ ಶಕ್ತಿಯೊಂದನ್ನೇ ಅಲ್ಲ, ಅಗರ್‌ನಲ್ಲಿ ಅದು ಎಷ್ಟು ದೂರ ಹರಿಯುತ್ತದೆ ಎಂಬುದನ್ನೂ. ಜಿಡ್ಡು ಸ್ವಭಾವದ ಒಳ್ಳೆಯ ಅಣು ಬಾವಿಯ ಅಂಚಿನಲ್ಲೇ ಕೂತುಬಿಡಬಹುದು; ನೀರಿನಲ್ಲಿ ಸುಲಭವಾಗಿ ಕರಗುವ ಸಾಧಾರಣ ಅಣು ದೊಡ್ಡ ವರ್ತುಲ ಬಿಡಿಸಬಹುದು. ಬ್ರಾತ್‌ನಲ್ಲಿ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ, ತೆಗೆ. ಡಿಎಂಎಸ್‌ಓ ಎಂಬ ದ್ರಾವಕ ಮಾತ್ರ ಹಾಕಿದ ಒಂದು ಸಾಲು ಇಡು. ತಾಮ್ರದ ಕಾಂಪ್ಲೆಕ್ಸ್ ಮಾಡಿದ್ದರೆ ಬರೀ ತಾಮ್ರದ ಲವಣವನ್ನೂ ಬರೀ ಲಿಗಾಂಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸು. ತಾಮ್ರ ತಾನೊಂದೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ನಮ್ಮ ಅಜ್ಜಿಯಂದಿರ ತಂಬಿಗೆಗೆ ಪಿಎಚ್‌ಡಿ ಯಾರೂ ಕೊಡಲಿಲ್ಲ.

ಇಷ್ಟು ತಾಂತ್ರಿಕ ಮಾತಾಯಿತು. ನಾನು ಹೇಳಬೇಕೆಂದಿರುವುದು ಬೇರೆ. ಕೊಲ್ಲುವ ಅಣು ಕಟ್ಟುವುದು ದೊಡ್ಡ ಮಾತಲ್ಲ. ಫಿನೈಲೂ ಕೊಲ್ಲುತ್ತದೆ. ರೋಗಿಯನ್ನು ಬಿಟ್ಟು ರೋಗಾಣುವನ್ನಷ್ಟೇ ಕೊಂದರೆ ಅದು ಔಷಧಿ. ಆದ್ದರಿಂದ ಅಣುವನ್ನು ಮೊದಲು ಕೇಳಬೇಕಾದ್ದು ‘ಯಾರನ್ನು ಕೊಲ್ಲುತ್ತೀ’ ಅಂತಲ್ಲ, ‘ಯಾರನ್ನು ಬಿಡುತ್ತೀ’ ಅಂತ. ನಿನ್ನ ಕೋಷ್ಟಕದಲ್ಲಿ ಆ ಪ್ರಶ್ನೆಗೆ ಕಾಲಮ್ಮೇ ಇಲ್ಲ.

ಬ್ಯಾಕ್ಟೀರಿಯಾದ ಮಟ್ಟಿಗೆ ಈ ಕೆಲಸ ಸ್ವಲ್ಪ ಸುಲಭ. ಅದಕ್ಕೆ ನಮಗಿಲ್ಲದ ಗೋಡೆಯಿದೆ, ಪೆನಿಸಿಲಿನ್ ಅಲ್ಲಿ ಹೊಡೆಯುತ್ತದೆ. ಅದರ ರೈಬೋಸೋಮ್ ನಮ್ಮದಕ್ಕಿಂತ ಬೇರೆ, ಟೆಟ್ರಾಸೈಕ್ಲಿನ್ ಅಲ್ಲಿ ಹಿಡಿಯುತ್ತದೆ. ಅಮೀಬಾ, ಜಿಯಾರ್ಡಿಯಾ, ಮಲೇರಿಯಾ ಜೀವಿಗಳು ಹಾಗಲ್ಲ. ಕೋಶದ ಕಟ್ಟೋಣದಲ್ಲಿ ಅವು ನಮ್ಮ ದಾಯಾದಿಗಳು. ಜೋಳದ ಹೊಲ ನೋಡಿದ್ದೀಯಲ್ಲ. ಸಾಲುಗಳ ನಡುವಿನ ಕಸಕ್ಕೆ ಎಡೆಕುಂಟೆ ಹೊಡೆದರೆ ಆಯಿತು, ಸಾಲಿನೊಳಗೇ ಸಸಿಗೆ ಒತ್ತಿ ಬೆಳೆದ ಕಸವನ್ನು ಕೂತು ಕೈಯಿಂದಲೇ ಕೀಳಬೇಕು. ಅಮೀಬಾದಂಥ ಈ ಪ್ರೋಟೋಜೋವಾಗಳ ಔಷಧಿ ಎರಡನೆಯ ಜಾತಿಯ ಕೆಲಸ.

ಆ ಕೆಲಸ ಚಂದವಾಗಿ ಮಾಡಿದ ಒಂದು ಅಣು ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲೇ ಇದ್ದೀತು. ಆಮಶಂಕೆಗೆ ಕೊಡುವ, ಬಾಯೆಲ್ಲ ಲೋಹದ ರುಚಿ ಮಾಡುವ ಮೆಟ್ರೋನಿಡಜೋಲ್. 1953ರಲ್ಲಿ ಜಪಾನಿನಲ್ಲಿ ಸ್ಟ್ರೆಪ್ಟೋಮೈಸೀಸ್‌ನಿಂದ ಅಜೋಮೈಸಿನ್ ಎಂಬ ವಸ್ತು ಸಿಕ್ಕಿತು. ಆ ಜಾಡು ಹಿಡಿದು ಫ್ರಾನ್ಸಿನ ರೋನ್-ಪುಲಾಂಕ್ ಕಂಪನಿಯವರು ಟ್ರೈಕೋಮೊನಾಸ್ ಎಂಬ ಪ್ರೋಟೋಜೋವಾ ಕೊಲ್ಲಲು ಮೆಟ್ರೋನಿಡಜೋಲ್ ಕಟ್ಟಿದರು. 1962ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಟ್ರೈಕೋಮೊನಾಸ್‌ಗೆಂದು ಗುಳಿಗೆ ನುಂಗಿದ ಹೆಂಗಸಿನ ಒಸಡಿನ ಹುಣ್ಣೂ ವಾಸಿಯಾಗಿತ್ತು! ಒಸಡಿನಲ್ಲಿದ್ದದ್ದು ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ. ಈ ಅಣು ತನ್ನಷ್ಟಕ್ಕೆ ನಿರುಪದ್ರವಿ. ಆಮ್ಲಜನಕವಿಲ್ಲದೆ ಬದುಕುವ ಜೀವಿಯೊಳಗೆ ಹೋದಾಗ ಮಾತ್ರ ಅಲ್ಲಿನ ಎಲೆಕ್ಟ್ರಾನುಗಳನ್ನು ಪಡೆದು ವಿಷವಾಗಿ ಒಡೆದು ಡಿಎನ್‌ಎ ಹಾಳು ಮಾಡುತ್ತದೆ. ನಮ್ಮ ಕೋಶಗಳಲ್ಲಿ ಆಮ್ಲಜನಕ ಆಡುವುದರಿಂದ ನಾವು ಬಹುಪಾಲು ಬಚಾವು. ಒಂದೇ ಉಪಾಯದಲ್ಲಿ ಬ್ಯಾಕ್ಟೀರಿಯಾವೂ ಹೋಯಿತು, ಅಮೀಬಾವೂ ಹೋಯಿತು, ರೋಗಿ ಉಳಿದ. ಇಂಥ ಉಪಾಯವೊಂದು ನಿನ್ನ ಅಣುವಿನಲ್ಲಿ ಎಲ್ಲಿದೆ ಅಂತ ಯೋಚಿಸು.

ಉಪಾಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮವರದೇ ಕಥೆಯಿದೆ. ಮೈಸೂರಿನ ಎಂ. ಜೆ. ತಿರುಮಲಾಚಾರ್ ಅವರ ಹೆಸರು ನಿಮ್ಮ ಪಠ್ಯದಲ್ಲಿ ಇರಲಿಕ್ಕಿಲ್ಲ, ಇರಬೇಕಿತ್ತು. ಶಿಲೀಂಧ್ರಗಳ ದೊಡ್ಡ ಪಂಡಿತರು. ಪುಣೆ ಪಕ್ಕದ ಪಿಂಪ್ರಿಯಲ್ಲಿ, 1954ರಲ್ಲಿ ಶುರುವಾದ ಹಿಂದೂಸ್ಥಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗ ನಡೆಸಿದರು. ಅಲ್ಲಿಯ ಮಣ್ಣಿನಿಂದಲೇ 1961ರಲ್ಲಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಬಂತು. 1968ರಲ್ಲಿ ಅವರ ತಂಡ ಆ್ಯಂಟಿಅಮೀಬಿನ್ ಎಂಬ ಇನ್ನೊಂದನ್ನು ವರದಿ ಮಾಡಿತು. ಅಮೀಬಾವನ್ನೂ ಹುಳುಗಳನ್ನೂ ಕೊಲ್ಲುವ ಪೆಪ್ಟೈಡ್. ಅದು ಕೆಲಸ ಮಾಡುವುದು ಕೋಶದ ಪೊರೆಯಲ್ಲಿ ಅಯಾನುಗಳು ನುಸುಳಲು ದಾರಿ ಮಾಡಿಕೊಟ್ಟು. ಪೊರೆ ಅಮೀಬಾಕ್ಕೂ ಉಂಟು, ನಮಗೂ ಉಂಟು. ಆ ಅಣು ಆಸ್ಪತ್ರೆಗಿಂತ ಪ್ರಯೋಗಾಲಯದಲ್ಲೇ ಹೆಸರಾಯಿತು. ಮೂವತ್ತು ವರ್ಷದ ಮೇಲೆ, 1998ರಲ್ಲಿ, ಬೆಂಗಳೂರಿನ ಐಐಎಸ್‌ಸಿಯ ಪಿ. ಬಲರಾಮ್ ಮತ್ತು ಅಮೆರಿಕದ ಇಸಬೆಲ್ಲಾ ಕಾರ್ಲೆ ಮೊದಲಾದವರು ಅದರ ಹರಳಿನ ರಚನೆ ಪ್ರಕಟಿಸಿದರು, ಪೊರೆಯಲ್ಲಿ ಅಯಾನು ಹೇಗೆ ದಾಟುತ್ತದೆಂದು ತಿಳಿಯಲು. ವಿಜ್ಞಾನಕ್ಕೆ ಅದು ಲಾಭವೇ. ತಿರುಮಲಾಚಾರ್ ಅವರಂಥವರ ಅಣುವೇ ಹೀಗಾಗಿದೆ ಅಂದಮೇಲೆ, ನಿನ್ನದು ಒಂದು ಝೋನ್‌ನಿಂದ ಔಷಧಿ ಅಂಗಡಿ ಮುಟ್ಟೀತೆಂದು ಎಣಿಸಬೇಡ.

ದೊಡ್ಡ ಕಂಪನಿಗಳ ಪಾಡೂ ಕೇಳು. ಗ್ಲ್ಯಾಕ್ಸೊದವರು 1995ರಿಂದ 2001ರವರೆಗೆ ಹೊಸ ಆ್ಯಂಟಿಬಯೋಟಿಕ್ ಹುಡುಕಿ ಸುಮಾರು 70 ಸಲ ಲಕ್ಷಗಟ್ಟಲೆ ಅಣುಗಳನ್ನು ಜರಡಿ ಹಿಡಿದರು. ಮುಂದುವರಿಸಲು ಯೋಗ್ಯವೆಂದು ಸಿಕ್ಕಿದ್ದು 5. ಇ. ಕೋಲೈಯಂಥ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾದ ಎರಡು ಪೊರೆ ದಾಟುವುದೇ ಕಷ್ಟ, ದಾಟಿದ್ದನ್ನೂ ಅದರ ಪಂಪುಗಳು ಹೊರಗೆ ಉಗುಳುತ್ತವೆ. ಇಲ್ಲಿ ನಿನ್ನಂಥ ರಸಾಯನಶಾಸ್ತ್ರದವಳಿಗೆ ಒಂದು ಸುಳಿವಿದೆ. 2017ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪಾಲ್ ಹರ್ಗನ್‌ರೋಥರ್ ತಂಡ ಇ. ಕೋಲೈ ಒಳಗೆ ಯಾವ ಅಣು ಹೆಚ್ಚು ಉಳಿಯುತ್ತದೆಂದು ನೋಡಿತು: ಚಪ್ಪಟೆಯಾಗಿ, ಹೆಚ್ಚು ಬಾಗದೆ, ಒಂದು ಪ್ರೈಮರಿ ಅಮೀನ್ ಹೊತ್ತದ್ದು. ಕೌಮರಿನ್ ಮೊದಲೇ ಚಪ್ಪಟೆ. ಒಂದು ಅಮೀನ್ ಅಂಟಿಸಿ ನೋಡಲು ನಿನಗೆ ಎಷ್ಟು ಹೊತ್ತು? ಇನ್ನೊಂದು ಕ್ಲೋರಿನ್, ಇನ್ನೊಂದು ಬ್ರೋಮಿನ್ ಅಂತ ಅಣುವಿನ ಸಂಖ್ಯೆ ಬೆಳೆಸುವುದಕ್ಕಿಂತ ಇದು ಮೇಲು.

ಆಮೇಲೆ, ಪುಸ್ತಕದ ಬ್ಯಾಕ್ಟೀರಿಯಾ ಬಿಟ್ಟು ಊರಿನ ಬ್ಯಾಕ್ಟೀರಿಯಾ ಎದುರು ನಿಲ್ಲು. ಚಂಡೀಗಢದ ತಳಿ ಸಂಗ್ರಹದಿಂದ ತರಿಸಿದ ಎಂಟಿಸಿಸಿ ತಳಿ ಸಾಧು; ಹುಬ್ಬಳ್ಳಿಯ ಐಸಿಯುನಲ್ಲಿ ಬೆಳೆದ ಕ್ಲೆಬ್ಸಿಯೆಲ್ಲಾ ಸಾಧುವಲ್ಲ. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತು. ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ದಾರಿಯಲ್ಲೇ ಇದೆ, ವಿದ್ಯಾನಗರದಲ್ಲಿ ಕಿಮ್ಸ್ ಇದೆ (ಸರ್ಕಾರ ಅದಕ್ಕೆ ಕೆಎಂಸಿಆರ್‌ಐ ಅಂತ ಹೊಸ ಹೆಸರಿಟ್ಟಿದೆ, ಆಟೋದವನಿಗೆ ಕಿಮ್ಸ್ ಅಂತಲೇ ಹೇಳು). ಮೈಕ್ರೋಬಯಾಲಜಿ ವಿಭಾಗದವರನ್ನು ಕಾಣು, ನಿನ್ನ ಗೈಡ್‌ರನ್ನೂ ಜೊತೆಗೆ ಕರೆದುಕೊಂಡು ಹೋಗು. ಎಥಿಕ್ಸ್ ಸಮಿತಿ, ಬಯೋಸೇಫ್ಟಿ ಸಮಿತಿ ಎರಡರ ಒಪ್ಪಿಗೆಯೂ ಬೇಕು. ತಿಂಗಳುಗಟ್ಟಲೆ ಹಿಡಿದರೆ ಗೊಣಗಬೇಡ. ರೋಗಿಯ ತಳಿಗಳನ್ನು ಕೆಮಿಸ್ಟ್ರಿ ಲ್ಯಾಬಿಗೆ ತಂದು ಚಹಾ ಕಪ್ಪಿನ ಪಕ್ಕ ಇಡುವ ಧೈರ್ಯ ಮಾತ್ರ ಮಾಡೀಯ ಜೋಕೆ. ಅಣು ನೀನು ಒಯ್ಯಿ, ಪರೀಕ್ಷೆ ಅವರಲ್ಲೇ ಆಗಲಿ. ಜೊತೆಗೆ ಮನುಷ್ಯ ಕೋಶ ಬದುಕುತ್ತದೆಯೇ ಅಂತ ಒಂದು ಎಂಟಿಟಿ, ಕೆಂಪು ರಕ್ತಕಣ ಒಡೆಯುತ್ತದೆಯೇ ಅಂತ ಒಂದು ಪರೀಕ್ಷೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2015ರಲ್ಲಿ ಶುರು ಮಾಡಿದ ಕೋ-ಆ್ಯಡ್ ಯೋಜನೆ ಜಗತ್ತಿನ ರಸಾಯನಶಾಸ್ತ್ರಜ್ಞರ ಅಣುಗಳನ್ನು ಪುಕ್ಕಟೆಯಾಗಿ ಪರೀಕ್ಷಿಸಿದ್ದು ಇದೇ ಕ್ರಮದಲ್ಲಿ: ಐದು ಬ್ಯಾಕ್ಟೀರಿಯಾ, ಎರಡು ಶಿಲೀಂಧ್ರ, ಅದರ ಬೆನ್ನಿಗೇ ಮನುಷ್ಯ ಕೋಶ.

‘ಹಾಗಾದರೆ ಇದರಲ್ಲಿ ಯಾರಿಗಾದರೂ ಗೆಲುವು ಉಂಟೇ’ ಅಂತ ಕೇಳುತ್ತೀಯ. ಉಂಟು. ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿದ ಎನ್ಮೆಟಾಜೊಬ್ಯಾಕ್ಟಮ್‌ಗೆ, ಸೆಫೆಪೈಮ್ ಜೊತೆ ಸೇರಿಸಿ ಕೊಡಲು, 2024ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ವೊಕಾರ್ಡ್ ಕಂಪನಿಯ ನಾಫಿತ್ರೊಮೈಸಿನ್ ಬಂತು. ನ್ಯುಮೋನಿಯಾಕ್ಕೆ ದಿನಕ್ಕೊಂದು ಸಲದಂತೆ ಮೂರು ದಿನ. ಅದರ ಹಿಂದೆ ಹತ್ತು ವರ್ಷಕ್ಕೂ ಮೀರಿದ ದುಡಿಮೆಯಿದೆ. ಗೆದ್ದವರಿಗೂ ಹೊಟ್ಟೆ ತುಂಬುತ್ತದೆಂದಲ್ಲ. ಕ್ಯಾಲಿಫೋರ್ನಿಯಾದ ಅಕೇಯೊಜೆನ್ ಕಂಪನಿ 2018ರ ಜೂನ್‌ನಲ್ಲಿ ಪ್ಲಾಜೊಮೈಸಿನ್‌ಗೆ ಒಪ್ಪಿಗೆ ಪಡೆದು, 2019ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹೊಸ ಆ್ಯಂಟಿಬಯೋಟಿಕ್ ಅನ್ನು ವೈದ್ಯರು ಕೊನೆಯ ಅಸ್ತ್ರವೆಂದು ಎತ್ತಿಡುತ್ತಾರೆ, ಎತ್ತಿಟ್ಟದ್ದು ಮಾರಾಟವಾಗುವುದಿಲ್ಲ. ಎತ್ತಿಡುವುದೂ ಸರಿಯೇ, ತೆರೆದುಕೊಟ್ಟರೆ ಬೇಗ ಕೆಡಬಹುದು. ಲಿನೆಜೊಲಿಡ್ 2000ದಲ್ಲಿ ಬಂತು, ಅದಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ 2001ರಲ್ಲೇ ವರದಿಯಾಯಿತು.

ಹೀಗಿರುವುದರಿಂದ ಥೀಸಿಸ್‌ನಲ್ಲಿ ಕೆಲಸ ಮಾಡದ ಅಣುಗಳನ್ನೂ ಬರೆ, ಪೂರಾ ಬರೆ. ಯಾವುದು ಸತ್ತಿತು, ಯಾವುದು ಮನುಷ್ಯ ಕೋಶವನ್ನೂ ಸುಟ್ಟಿತು, ಯಾವುದು ಕರಗಲೇ ಇಲ್ಲ. ಮುಂದೆ ಇದೇ ಗುಡ್ಡ ಹತ್ತಿ ಬರುವ ಹುಡುಗಿಗೆ ಆ ಪುಟಗಳು ನಿನ್ನ 19 ಮಿಲಿಮೀಟರ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಎಂಐಸಿ ಬಂದ ಮೇಲೆ ಹಾಳೆಗಳನ್ನು ತೆಗೆದುಕೊಂಡು ಮನೆಗೆ ಬಾ, ಕೂತು ನೋಡೋಣ. ಮಧ್ಯಾಹ್ನ ಊಟವಾದ ಮೇಲೆ ಮಾತ್ರ ಬರಬೇಡ, ಆಗ ನನಗೆ ಯಾವ ಅಣುವೂ ಕಾಣುವುದಿಲ್ಲ.