ಭೂಕಂಪವೂ ಗೋಯಾತ್ರೆಯೂ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಶ್ರಾವಣ ಪೂರ್ಣಿಮೆಯ ಮರುದಿನ, ಬಹುಳ ಪ್ರತಿಪತ್ತಿನಂದು, ನಾವು ಶ್ರೀ ರಾಘವೇಂದ್ರ ಗುರುಸಾರ್ವಭೌಮರ ಪೂರ್ವಾರಾಧನೆಯನ್ನು ಆಚರಿಸುತ್ತೇವೆ. ಅದೇ ತಿಥಿಯಂದು ನೇಪಾಳದ ಕಠ್ಮಂಡು ಕಣಿವೆಯಲ್ಲಿ ಇನ್ನೊಂದು ಉತ್ಸವ ನಡೆಯುತ್ತದೆ. ಅದರ ಹೆಸರು ಗಾಯಿಜಾತ್ರಾ, ಅಂದರೆ ಗೋಯಾತ್ರೆ. ಕಳೆದ ಒಂದು ವರ್ಷದೊಳಗೆ ಯಾವ ಮನೆಯಲ್ಲಿ ಮರಣ ಸಂಭವಿಸಿದೆಯೋ ಆ ಮನೆಯವರು ಒಂದು ಹಸುವನ್ನು ಮುಂದಿಟ್ಟುಕೊಂಡು ಊರಿನ ಬೀದಿಗಳಲ್ಲಿ ಸುತ್ತಿಬರುತ್ತಾರೆ. ಹಸು ದೊರೆಯದಿದ್ದಲ್ಲಿ ಚಿಕ್ಕ ಹುಡುಗನಿಗೆ ಹಸುವಿನ ವೇಷವನ್ನು ತೊಡಿಸುವುದುಂಟು. ಬೀದಿಯ ಇಕ್ಕೆಲಗಳಲ್ಲಿ ನಿಂತ ಜನರು ಅವರಿಗೆ ಹಣ್ಣು, ಹಾಲು, ಸಿಹಿತಿಂಡಿ, ಧಾನ್ಯಗಳನ್ನು ನೀಡುತ್ತಾರೆ. ಅಗಲಿದ ಜೀವನು ಗೋವಿನ ಬಾಲವನ್ನು ಹಿಡಿದು ವೈತರಣಿಯನ್ನು ದಾಟುವನೆಂಬುದು ಅಲ್ಲಿಯವರ ಶ್ರದ್ಧೆ. ಉತ್ಕ್ರಾಂತಿ ಗೋದಾನ, ವೈತರಣಿ ಗೋದಾನಗಳನ್ನು ಬಲ್ಲ ನಮ್ಮ ಮನೆತನಗಳಿಗೆ ಇದು ಅಪರಿಚಿತವಾದ ಭಾವವಲ್ಲ.

2015ರಲ್ಲಿ ಈ ತಿಥಿಯು ಆಗಸ್ಟ್ 30ರಂದು ಬಂದಿತ್ತು. ಆ ವರ್ಷದ ಗೋಯಾತ್ರೆಯಲ್ಲಿ ನಡೆದವರಲ್ಲಿ ಬಹುಮಂದಿ ಒಂದೇ ದಿನ, ಒಂದೇ ಕಾರಣದಿಂದ ತಮ್ಮವರನ್ನು ಕಳೆದುಕೊಂಡವರಾಗಿದ್ದರು. ಆ ವಿಷಯವನ್ನು ಆರಾಧನೆಯ ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

2015ರ ಏಪ್ರಿಲ್ 25, ಶನಿವಾರ, ಹಗಲು 11 ಗಂಟೆ 56 ನಿಮಿಷಕ್ಕೆ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಗ್ರಾಮದ ಪರಿಸರದಲ್ಲಿ ಉದ್ಭವಿಸಿದ ಭೂಕಂಪದ ಪ್ರಮಾಣ 7.8. ಮೇ 12ರಂದು 7.3 ಪ್ರಮಾಣದ ಮತ್ತೊಂದು ಕಂಪನವಾಯಿತು. ಮೃತರಾದವರು ಸುಮಾರು 9,000 ಮಂದಿ, ಗಾಯಗೊಂಡವರು 22,000ಕ್ಕೂ ಅಧಿಕ. ಸುಮಾರು ಐದು ಲಕ್ಷ ಮನೆಗಳು ನೆಲಸಮವಾದವು. ಶನಿವಾರವು ಆ ದೇಶದಲ್ಲಿ ವಾರದ ರಜೆಯಾದುದರಿಂದ ಶಾಲೆಗಳಲ್ಲಿ ಮಕ್ಕಳಿರಲಿಲ್ಲ. ಬಿದ್ದ ಶಾಲಾ ಕೊಠಡಿಗಳ ಸಂಖ್ಯೆ ಸಾವಿರಾರು ಎಂಬುದನ್ನು ನೆನೆದರೆ ಎದೆ ನಡುಗುತ್ತದೆ.

ನೇಪಾಳವು ನಮಗೆ ದೂರದ ನಾಡಲ್ಲ. ನಮ್ಮ ದೇವರ ಪೆಟ್ಟಿಗೆಯಲ್ಲಿ ನಿತ್ಯವೂ ಪೂಜೆಗೊಳ್ಳುವ ಸಾಲಿಗ್ರಾಮಗಳು ಆ ದೇಶದ ಗಂಡಕಿಯ ಗರ್ಭದಿಂದ ಬಂದಂಥವು. ಪಶುಪತಿನಾಥನ ಸನ್ನಿಧಿಯಲ್ಲಿ ಅರ್ಚಕರಾಗಿರುವ ಭಟ್ಟರು ದಕ್ಷಿಣದೇಶದವರು, ಅವರಲ್ಲಿ ನಮ್ಮ ಕರಾವಳಿಯವರೂ ಸೇರಿದ್ದಾರೆ.

ಇಂಥ ಉತ್ಪಾತವಾದಾಗಲೆಲ್ಲ ಆಸ್ತಿಕರ ಮನೆಗಳಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ. ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ, ಹಿರಿಯರು ಮನಸ್ಸಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ದೇವಾಲಯವೇ ಉರುಳಿದ ಮೇಲೆ ದೇವರು ಯಾರನ್ನು ಕಾಪಾಡಿದಂತಾಯಿತು? ಪಾಟನ್ ನಗರದ ಅರಮನೆಯ ಚೌಕವನ್ನೇ ನಿದರ್ಶನವಾಗಿ ನೋಡೋಣ. ಅಲ್ಲಿ ಸಿದ್ಧಿನರಸಿಂಹ ಮಲ್ಲನು 1637ರಲ್ಲಿ ಕಟ್ಟಿಸಿದ ಶಿಲಾಮಯವಾದ ಕೃಷ್ಣಮಂದಿರವಿದೆ; ಅದರ ಮೇಲೆ ರಾಮಾಯಣ ಮಹಾಭಾರತಗಳ ದೃಶ್ಯಗಳನ್ನು ಕೆತ್ತಲಾಗಿದೆ. ಭೂಕಂಪದಲ್ಲಿ ಅದಕ್ಕೆ ಧಕ್ಕೆ ತಗುಲಿತಾದರೂ ಅದು ನಿಂತಿತು. ಅದೇ ಚೌಕದಲ್ಲಿ, ಇಟ್ಟಿಗೆ ಮರಗಳಿಂದ ಕಟ್ಟಿದ್ದ ಚಾರ್ ನಾರಾಯಣ ಮಂದಿರವು ಪೀಠವನ್ನು ಬಿಟ್ಟು ಮಿಕ್ಕೆಲ್ಲವೂ ಕುಸಿದು ರಾಶಿಯಾಯಿತು.

ಕೃಷ್ಣನು ತನ್ನ ಮಂದಿರವನ್ನು ತಾನೇ ಉಳಿಸಿಕೊಂಡನೆಂದು ಭಾವುಕರು ಹೇಳಬಹುದು. ಹಾಗೆ ಹೇಳಿದವರು ನಾರಾಯಣನ ಮಂದಿರದ ಬಗೆಗೆ ಏನು ಹೇಳುವರು? ಭಗವಂತನ ಮೂಲರೂಪಕ್ಕೂ ಅವತಾರರೂಪಗಳಿಗೂ ಪರಸ್ಪರ ಎಳ್ಳಷ್ಟೂ ಭೇದವನ್ನೆಣಿಸಬಾರದೆಂಬುದು ನಮ್ಮ ಸಿದ್ಧಾಂತದ ಮೊದಲ ಪಾಠಗಳಲ್ಲೊಂದು. ಒಂದು ಗುಡಿ ನಿಂತುದನ್ನು ಅನುಗ್ರಹವೆಂದೂ ಇನ್ನೊಂದು ಬಿದ್ದುದನ್ನು ಉಪೇಕ್ಷೆಯೆಂದೂ ಎಣಿಸತೊಡಗಿದರೆ, ಭಕ್ತಿಯ ಹೆಸರಿನಲ್ಲಿಯೇ ಆ ಭೇದವನ್ನು ಒಳಕ್ಕೆ ಕರೆತಂದಂತಾಗುತ್ತದೆ. ಪ್ರತಿಮೆ ಬೇರೆ, ಪ್ರತಿಮೆಯಲ್ಲಿ ಸನ್ನಿಹಿತನಾದ ಹರಿ ಬೇರೆ ಎಂಬುದನ್ನೂ ಆಚಾರ್ಯರು ನಮಗೆ ತಿಳಿಸಿಕೊಟ್ಟಿದ್ದಾರೆ. ಇಟ್ಟಿಗೆ ಕುಸಿದರೆ ಇಟ್ಟಿಗೆ ಕುಸಿಯಿತು, ಅಷ್ಟೆ.

ಹಾಗಾದರೆ ಸತ್ತವರ ಕರ್ಮವೇ ಇದಕ್ಕೆ ಕಾರಣವೆಂದು ತೀರ್ಪು ಹೇಳಿ ಎದ್ದುಬಿಡೋಣವೇ? ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಭಗವಂತನಿಗೆ ವೈಷಮ್ಯವೂ ನೈರ್ಘೃಣ್ಯವೂ ಇಲ್ಲವೆಂದು, ಅವನು ಜೀವರ ಕರ್ಮವನ್ನು ಅಪೇಕ್ಷಿಸಿಯೇ ಫಲವನ್ನೀಯುವನೆಂದು ನಿರ್ಣಯಿಸಲಾಗಿದೆ. ಅದು ಭಗವಂತನ ನಿರ್ದೋಷತ್ವವನ್ನು ಸಾಧಿಸುವ ಮಾತು, ನೆರೆಮನೆಯವನ ದೋಷವನ್ನು ಎಣಿಸಲು ನಮಗೆ ಕೊಟ್ಟ ಅಧಿಕಾರವಲ್ಲ. ಯಾವ ಜೀವನ, ಯಾವ ಜನ್ಮದ, ಯಾವ ಕರ್ಮವು ಯಾವಾಗ ಪಕ್ವವಾಯಿತೆಂಬುದು ಸರ್ವಜ್ಞನಾದ ಅವನೊಬ್ಬನಿಗೆ ಗೊತ್ತು. 1934ರ ಜನವರಿ 15ರಂದು ನೇಪಾಳ ಹಾಗೂ ಬಿಹಾರಗಳನ್ನು ಧ್ವಂಸಗೊಳಿಸಿದ ಭೂಕಂಪವು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೈವವು ವಿಧಿಸಿದ ಶಿಕ್ಷೆಯೆಂದು ಮಹಾತ್ಮಾ ಗಾಂಧಿಯವರು ಹೇಳಿದಾಗ ಕವಿ ರವೀಂದ್ರನಾಥರು ಅದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಗಾಂಧಿಯವರ ಉದ್ದೇಶ ಎಷ್ಟು ದೊಡ್ಡದಾಗಿದ್ದರೂ ಆ ವಾದದಲ್ಲಿ ನನ್ನ ಮನಸ್ಸು ಕವಿಯ ಕಡೆಗೇ ವಾಲುತ್ತದೆ. ಆ ದಿನ ಸತ್ತವರಲ್ಲಿ ಅಸ್ಪೃಶ್ಯತೆಯ ನೋವನ್ನು ಉಂಡವರೂ ಇದ್ದರಲ್ಲವೇ?

ನಮ್ಮದು ತತ್ತ್ವವಾದ. ಜಗತ್ತು ಸತ್ಯ, ಜೀವರು ಸತ್ಯ, ಅವರ ಸುಖದುಃಖಗಳೂ ಸತ್ಯ. ಮನೆ ಕುಸಿದು ಕೂಸನ್ನು ಕಳೆದುಕೊಂಡ ತಾಯಿಗೆ ಇದೆಲ್ಲವೂ ತೋರಿಕೆ ಎಂದು ಸಮಾಧಾನ ಹೇಳುವ ಮಾರ್ಗ ನಮಗಿಲ್ಲ. ದುಃಖವು ಸತ್ಯವಾದ ಮೇಲೆ ಅದರ ಪರಿಹಾರಕ್ಕಾಗಿ ಮಾಡುವ ಸೇವೆಯೂ ಸತ್ಯವೇ. ಜನಸೇವೆಯು ಒಡೆಯನಾದ ಶ್ರೀಹರಿಗೆ ನಾವು ಸಲ್ಲಿಸಬೇಕಾದ ಕಂದಾಯವೆಂಬ ಆಚಾರ್ಯರ ಅಭಿಪ್ರಾಯ ಮಾಧ್ವರಿಗೆಲ್ಲ ಪರಿಚಿತವಾದುದು. ಆದ್ದರಿಂದ ದೇವರು ಏಕೆ ತಡೆಯಲಿಲ್ಲ ಎಂಬುದಕ್ಕಿಂತ, ಉಳಿದವರು ಹೇಗೆ ಉಳಿದರು, ಅವರ ಶ್ರದ್ಧೆ ಅವರಿಗೆ ಯಾವ ರೀತಿಯಲ್ಲಿ ಒದಗಿಬಂದಿತು ಎಂಬ ವಿಚಾರವು ನಮಗೆ ಹೆಚ್ಚು ಉಪಯುಕ್ತ.

ಕಠ್ಮಂಡು ಕಣಿವೆಯ ಪ್ರಾಚೀನ ನಿವಾಸಿಗಳು ನೇವಾರರು. ಅವರ ಹಳೆಯ ಪಟ್ಟಣಗಳಲ್ಲಿ ಮನೆಗಳು ಒತ್ತೊತ್ತಾಗಿದ್ದರೂ ನಡುನಡುವೆ ಬಹಾಲ್ ಎಂಬ ತೆರೆದ ಅಂಗಳಗಳಿವೆ. ಪ್ರತಿ ಅಂಗಳದಲ್ಲಿಯೂ ಒಂದು ದೇವಸನ್ನಿಧಿಯಿರುವ ಕಾರಣದಿಂದಲೇ ಆ ಜಾಗವನ್ನು ಯಾರೂ ಆಕ್ರಮಿಸಿ ಮನೆ ಕಟ್ಟಿಕೊಂಡಿಲ್ಲ. ಭೂಮಿ ಮತ್ತೆ ಮತ್ತೆ ಕಂಪಿಸುತ್ತಿದ್ದ ಆ ವಾರಗಳಲ್ಲಿ ಜನರು ಮನೆಯೊಳಗೆ ಮಲಗಲು ಹೆದರಿ, ಈ ಅಂಗಳಗಳಲ್ಲಿಯೂ ಗುಡಿಯ ಮುಂದಣ ಚೌಕಗಳಲ್ಲಿಯೂ ಟಾರ್ಪಾಲುಗಳನ್ನು ಕಟ್ಟಿಕೊಂಡು ರಾತ್ರಿಗಳನ್ನು ಕಳೆದರು. ಹತ್ತಾರು ಮನೆಗಳ ಅಡಿಗೆ ಒಂದೇ ಒಲೆಯ ಮೇಲೆ ಆಯಿತು. ನಳದ ನೀರು ನಿಂತುಹೋದಾಗ ಹಿಟಿಗಳು ಕೈಹಿಡಿದವು. ಹಿಟಿಯೆಂದರೆ ನೆಲಮಟ್ಟದಿಂದ ಕೆಳಗೆ ಮೆಟ್ಟಿಲಿಳಿದು ಹೋಗುವ, ಮಕರಮುಖದ ಕಲ್ಲಿನ ತೂಬಿನಿಂದ ಸದಾ ನೀರು ಸುರಿಯುವ ತೀರ್ಥಸ್ಥಾನ. ಪಾಟನ್ನಿನ ಮಂಗಾ ಹಿಟಿಯು ಕ್ರಿಸ್ತಶಕ 6ನೆಯ ಶತಮಾನದ್ದು. ಪುಣ್ಯಾರ್ಥವಾಗಿ ಯಾರೋ ಕಟ್ಟಿಸಿದ ನೀರು, ಹದಿನಾಲ್ಕು ಶತಮಾನಗಳಾಚೆಗೆ ಯಾರದೋ ಬಾಯಾರಿಕೆಯನ್ನು ತಣಿಸಿತು.

ಇವೆಲ್ಲಕ್ಕೂ ಆಧಾರವಾದ ಸಂಸ್ಥೆಯ ಹೆಸರು ಗುಠೀ. ಸಂಸ್ಕೃತದ ಗೋಷ್ಠೀ ಶಬ್ದವೇ ಹೀಗೆ ರೂಪಾಂತರಗೊಂಡಿದೆ. ಪೂರ್ವಿಕರು ದೇವರ ಹೆಸರಿನಲ್ಲಿ ಭೂಮಿಯನ್ನು ಬಿಟ್ಟು, ಅದರ ಉತ್ಪನ್ನದಿಂದ ಇಂಥ ಪೂಜೆ, ಇಂಥ ರಥೋತ್ಸವ, ಇಂಥ ಅರವಟ್ಟಿಗೆ ನಡೆಯಬೇಕೆಂದು ಏರ್ಪಡಿಸಿದರು. ಕುಲಸ್ಥರು ಸರದಿಯ ಮೇಲೆ ಅದನ್ನು ನಡೆಸಿಕೊಂಡು ಬಂದರು. ನಮ್ಮ ಉಂಬಳಿ ಮಾನ್ಯಗಳ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇವುಗಳಲ್ಲಿ ಅಂತ್ಯಕ್ರಿಯೆಗೆಂದೇ ಮೀಸಲಾದ ಗುಠೀಗಳಿವೆ. ಒಂದು ಮನೆಯಲ್ಲಿ ಸಾವಾದರೆ ಚಟ್ಟ ಕಟ್ಟುವುದರಿಂದ ಹಿಡಿದು ದಹನದವರೆಗಿನ ಭಾರವೆಲ್ಲ ಸದಸ್ಯರದು. ಕರೆ ಬಂದಾಗ ಬಾರದವನಿಗೆ ದಂಡ ಉಂಟು. ದಂಡವೆಂದರೆ ಕಠಿನವಾಗಿ ತೋರೀತು. ಆದರೆ ಬಾಗಮತೀ ತೀರದ ಆರ್ಯಘಾಟಿನಲ್ಲಿ ಚಿತೆಗಳು ಸಾಲುಸಾಲಾಗಿ ಉರಿಯುತ್ತಿದ್ದ ಆ ದಿನಗಳಲ್ಲಿ, ತನ್ನವರ ದೇಹವನ್ನು ಹೊರಲು ಯಾರನ್ನು ಬೇಡಲಿ ಎಂಬ ಚಿಂತೆಯಿಲ್ಲದಿರುವುದು ಎಷ್ಟು ದೊಡ್ಡ ಆಸರೆ! ಅಂದು ದುಃಖವಿತ್ತು, ದಿಕ್ಕಿಲ್ಲದಿರುವಿಕೆ ಇರಲಿಲ್ಲ. 1964ರಲ್ಲಿ ಗುಠೀ ಸಂಸ್ಥಾನವೆಂಬ ಸರಕಾರೀ ಸಂಸ್ಥೆ ಏರ್ಪಟ್ಟು ಅನೇಕ ಗುಠೀಗಳ ಭೂಮಿಗಳು ಅದರ ಆಡಳಿತಕ್ಕೆ ಸೇರಿದವು. 2019ರಲ್ಲಿ ಇನ್ನೊಂದು ವಿಧೇಯಕವು ಬಂದಾಗ ಸಾವಿರಾರು ಜನರು ಬೀದಿಗಿಳಿದು ಅದನ್ನು ಹಿಂತೆಗೆಯುವಂತೆ ಮಾಡಿದರು. ಭೂಕಂಪದಲ್ಲಿ ಕೈಹಿಡಿದ ವ್ಯವಸ್ಥೆಯನ್ನು ಅವರು ಸುಲಭವಾಗಿ ಬಿಟ್ಟುಕೊಡಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ಗುಠೀಯ ಆಸರೆ ಗುಠೀಯೊಳಗಿನವರಿಗೆ ಮಾತ್ರ. ಅತಿ ಹೆಚ್ಚು ಸಾವುಗಳಾದ ಸಿಂಧುಪಾಲ್ಚೋಕ್ ಜಿಲ್ಲೆಯ ಬೆಟ್ಟದ ಹಳ್ಳಿಗಳಲ್ಲಿ ಬಹಾಲೂ ಇರಲಿಲ್ಲ, ಹಿಟಿಯೂ ಇರಲಿಲ್ಲ. ಅಲ್ಲಿನವರಿಗೆ ಉಳಿದಿದ್ದುದು ಪರ್ಮಾ ಎಂಬ ಮುಯ್ಯಾಳಿನ ಪದ್ಧತಿ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಪರಿಹಾರದ ವಿತರಣೆಯಲ್ಲಿ ದಲಿತರನ್ನು ಹಿಂದಕ್ಕೆ ತಳ್ಳಲಾಯಿತೆಂಬ ದೂರುಗಳೂ ಆಗ ಕೇಳಿಬಂದವು. ಒಳಗಿನವರನ್ನು ಬಿಗಿಯಾಗಿ ಅಪ್ಪಿಕೊಳ್ಳುವ ಕೈ ಹೊರಗಿನವರಿಗೆ ಬಾಗಿಲನ್ನು ಮುಚ್ಚಲೂಬಲ್ಲದು. ಪಂಕ್ತಿಭೋಜನದ ಎಲೆಗಳನ್ನು ಎಣಿಸುವ ನಾವೂ ಈ ಮಾತನ್ನು ಸ್ವಲ್ಪ ಹೊತ್ತು ಮೆಲುಕು ಹಾಕಬಹುದು.

ಭೂಕಂಪವಾದಾಗ ಪಾಟನ್ನಿನ ಮಚ್ಛೀಂದ್ರನಾಥನ ರಥಯಾತ್ರೆ ನಡೆದಿತ್ತು. ಮಳೆಯ ದೇವರೆಂದು ಹಿಂದೂಗಳೂ ಬೌದ್ಧರೂ ಕೂಡಿ ಪೂಜಿಸುವ ದೇವರಿವನು. ಹನ್ನೆರಡು ವರ್ಷಗಳಿಗೊಮ್ಮೆ ಅವನ ರಥವು ಬುಂಗಮತಿ ಗ್ರಾಮದಿಂದಲೇ ಹೊರಡಬೇಕು. ಆ ಹನ್ನೆರಡನೆಯ ವರ್ಷ 2015. ಬುಂಗಮತಿಯ ಗುಡಿಯು ಸಂಪೂರ್ಣವಾಗಿ ನೆಲಕ್ಕುರುಳಿತು, ದೇವರು ರಥದಲ್ಲಿದ್ದನು. ರಥವು ದಾರಿಯಲ್ಲೇ ನಿಂತುಹೋಯಿತು. ಹಲವು ತಿಂಗಳುಗಳ ಬಳಿಕ, ಇನ್ನೂ ತಮ್ಮ ಮನೆಗಳಿಗೆ ಸೂರಿಲ್ಲದ ಜನರೇ ಕೂಡಿ ಅದನ್ನು ಎಳೆದು ಯಾತ್ರೆಯನ್ನು ಪೂರೈಸಿದರು. ಸೂರಿಲ್ಲದವರಿಗೆ ರಥವೇಕೆ ಎಂದು ಲೆಕ್ಕಾಚಾರದವರು ಕೇಳಬಹುದು. ಹಗ್ಗಕ್ಕೆ ಕೈ ಹಚ್ಚಿದವನು, ಆ ಹೊತ್ತಿನ ಮಟ್ಟಿಗಾದರೂ, ಕೈಯೊಡ್ಡಿ ನಿಂತ ನಿರಾಶ್ರಿತನಾಗಿರುವುದಿಲ್ಲ.

ಕಠ್ಮಂಡು ನಗರಕ್ಕೆ ಹೆಸರನ್ನಿತ್ತ ಕಾಷ್ಠಮಂಡಪದ ಕಥೆ ಇನ್ನೂ ಕರುಣಾಜನಕ. ಭೂಕಂಪದ ವೇಳೆಗೆ ಅದರೊಳಗೆ ರಕ್ತದಾನದ ಶಿಬಿರ ನಡೆಯುತ್ತಿತ್ತು. ಮಂಡಪ ಕುಸಿದು ಪರೋಪಕಾರಕ್ಕೆಂದು ಬಂದವರೇ ಪ್ರಾಣ ಕಳೆದುಕೊಂಡರು. ಆಮೇಲೆ ಪುರಾತತ್ತ್ವಜ್ಞರು ಅಗೆದು ನೋಡಿದಾಗ ಅದರ ತಳಪಾಯವು 7ನೆಯ ಶತಮಾನದ್ದೆಂದೂ, ಅದು ದೃಢವಾಗಿಯೇ ಇತ್ತೆಂದೂ ತಿಳಿದುಬಂದಿತು. ಪುನರ್ನಿರ್ಮಾಣವನ್ನು ಗುತ್ತಿಗೆದಾರರಿಗೆ ಒಪ್ಪಿಸುವುದನ್ನು ಸ್ಥಳೀಯರು ಒಪ್ಪದೆ, ತಮ್ಮದೇ ಸಮಿತಿಯ ಮೂಲಕ, ಸಾಂಪ್ರದಾಯಿಕ ಕ್ರಮದಲ್ಲಿಯೇ ಕಟ್ಟಿ 2022ರಲ್ಲಿ ಮುಗಿಸಿದರು.

ಇನ್ನು ಗೋಯಾತ್ರೆಯ ವಿಷಯ. 17ನೆಯ ಶತಮಾನದಲ್ಲಿ ಕಠ್ಮಂಡುವನ್ನಾಳಿದ ಪ್ರತಾಪ ಮಲ್ಲನ ಮಗನು ಎಳೆವಯಸ್ಸಿನಲ್ಲಿಯೇ ತೀರಿಕೊಂಡನಂತೆ. ರಾಣಿಯ ಶೋಕವು ಯಾವ ಉಪಾಯದಿಂದಲೂ ಶಮನವಾಗಲಿಲ್ಲ. ಆಗ ರಾಜನು, ಆ ವರ್ಷ ಸಾವನ್ನು ಕಂಡ ಮನೆಗಳವರೆಲ್ಲರೂ ಅರಮನೆಯ ಮುಂದೆ ಹಾದುಹೋಗಬೇಕೆಂದು ಆಜ್ಞಾಪಿಸಿದನಂತೆ. ಉಪ್ಪರಿಗೆಯಿಂದ ನೋಡಿದ ರಾಣಿಗೆ ಮೆರವಣಿಗೆಯ ಕೊನೆಯೇ ಕಾಣಿಸಲಿಲ್ಲ. ಐತಿಹ್ಯವಿದು, ಚರಿತ್ರೆಯ ಪ್ರಮಾಣವನ್ನು ಇದಕ್ಕೆ ಕೇಳಬೇಕಾಗಿಲ್ಲ. ಯಾರೂ ಅವಳಿಗೆ ಉಪದೇಶ ಮಾಡಲಿಲ್ಲ, ಅಳಬೇಡವೆಂದು ಹೇಳಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಭಾರತದ ಸ್ತ್ರೀಪರ್ವದಲ್ಲಿಯೂ ವ್ಯಾಸರು ಗಾಂಧಾರಿಯನ್ನು ಒಬ್ಬಳನ್ನೇ ಅಳಿಸಲಿಲ್ಲ. ಎರಡೂ ಪಕ್ಷದ ಸ್ತ್ರೀಯರನ್ನು ಕುರುಕ್ಷೇತ್ರಕ್ಕೆ ಕರೆತಂದರು.

2015ರ ಆಗಸ್ಟ್ 30ರಂದು ಭಕ್ತಪುರದಲ್ಲಿ, ಅಗಲಿದವರ ಭಾವಚಿತ್ರಗಳನ್ನು ಕಟ್ಟಿದ ಎತ್ತರವಾದ ಬಿದಿರಿನ ಗೋಪುರಗಳು ಕುಸಿದ ಮನೆಗಳ ನಡುವಣ ಬೀದಿಗಳಲ್ಲಿ ಒಂದರ ಹಿಂದೊಂದು ಸಾಗಿದವು. ಮುಂದೆ ಕೋಲಾಟದ ಸದ್ದು, ಹಿಂದೆ ಕಣ್ಣೀರು. ನಾಲ್ಕು ತಿಂಗಳ ಹಿಂದೆ ಒಬ್ಬೊಬ್ಬರಾಗಿ ಅಗ್ನಿಗೆ ಒಪ್ಪಿಸಿದವರನ್ನು ಆ ಊರು ಅಂದು ಒಟ್ಟಾಗಿ ಬೀಳ್ಕೊಟ್ಟಿತು.

ಆರಾಧನೆ ಮುಗಿದು, ಚೌತಿ ಕಳೆದು, ಅನಂತನ ವ್ರತವಾದ ಮೇಲೆ ನಮಗೂ ಮಹಾಲಯ ಪಕ್ಷ ಬರುತ್ತದೆ. ಪಿತೃಗಳಿಗೆ, ಮಾತಾಮಹರಿಗೆ, ಆಪ್ತರಿಗೆ, ಗುರುಗಳಿಗೆ ಸಲ್ಲಿಸಿದ ಅನಂತರ, ಕೊಡುವವರು ಯಾರೂ ಇಲ್ಲದವರಿಗಾಗಿ ಧರ್ಮಪಿಂಡವನ್ನಿಡುವ ಪದ್ಧತಿ ನಮ್ಮಲ್ಲಿದೆ. ಅವಸರದ ಈ ದಿನಗಳಲ್ಲಿ ಪುರೋಹಿತರು ಅದನ್ನು ಬೇಗನೆ ಹೇಳಿಸಿಬಿಡುತ್ತಾರೆ, ನಾವೂ ಗಡಿಯಾರದ ಕಡೆಗೆ ನೋಡುತ್ತಿರುತ್ತೇವೆ. ಈ ಸಲ ಆ ಮಂತ್ರದ ಅರ್ಥವನ್ನು ಅವರಲ್ಲಿ ಕೇಳಿ ತಿಳಿದುಕೊಂಡು, ನಿಧಾನವಾಗಿ ಹೇಳಿಸಿಕೊಂಡು, ಮನೆಯ ಮಕ್ಕಳನ್ನೂ ಹತ್ತಿರ ಕುಳ್ಳಿರಿಸಿಕೊಂಡು ಅದನ್ನಿಡಬೇಕೆಂದು ವಾಚಕರಲ್ಲಿ ವಿನಂತಿ.

॥ ಶ್ರೀಕೃಷ್ಣಾರ್ಪಣಮಸ್ತು ॥